ತಿರುವಿ ಹಾಕಿ ನೋಡಿ

ದೀಪಾವಳಿಗೆ ಇನ್ನೊಂದು ವಾರ ಇದೆ ಅನ್ನುವಾಗ ಆಫೀಸಿನಲ್ಲಿ ಎಲ್ಲರ ಡೆಸ್ಕಿನ ಮೇಲೂ ಒಂದೊಂದು ಡಬ್ಬಿ ಬಂದು ಕೂತಿತ್ತು. ಗಟ್ಟಿ ರಟ್ಟಿನ ಡಬ್ಬಿ, ಮೇಲೆ ಸೆಣಬಿನ ದಾರದ ಗಂಟು. ಒಳಗೆ ಬಾದಾಮಿ, ಗೋಡಂಬಿ, ಪರಿಮಳದ ಮೇಣದಬತ್ತಿ, ಎರಡು ಹಣತೆ, ಮತ್ತೊಂದು ಪುಟ್ಟ ಬಟ್ಟೆಯ ಪೌಚು. ಪೌಚಿನ ಮೇಲೆ ಕೆಂಪು ದಾರದಲ್ಲಿ ಕಸೂತಿಯ ಗೋಪುರ. ಜೊತೆಗೊಂದು ಕಾರ್ಡು. ಹಳ್ಳಿಯ ಹೆಣ್ಣುಮಕ್ಕಳು ಒಂದೊಂದು ಹೊಲಿಗೆಯನ್ನೂ ಪ್ರೀತಿಯಿಂದ ಕೈಯಲ್ಲೇ ಹಾಕಿದ್ದಾರೆ ಅನ್ನುವ ಅರ್ಥದ ನಾಲ್ಕು ಸಾಲು ಅದರಲ್ಲಿತ್ತು.

ನಾನು ಪೌಚನ್ನು ಒಳಮಗ್ಗುಲು ತಿರುವಿದೆ. ಲೈನಿಂಗ್ ಇರಲಿಲ್ಲ, ಹಾಗಾಗಿ ಕೆಲಸ ಸುಲಭ ಆಯ್ತು. ಗೋಪುರದ ಹಿಂದೆ ಬಿಳಿ ಕಾಗದದಂಥ ಪದರ ಅಂಟಿಕೊಂಡಿತ್ತು. ಮುಂದೆ ಕೆಂಪು ದಾರ, ಹಿಂದೆ ಬಿಳಿ ದಾರ. ಅಂದರೆ ಕೆಳಗಿನ ಬಾಬಿನ್ನಿನ ದಾರ. ಇದು ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನಿನ ಕೆಲಸ.

ಪಕ್ಕದ ಸೀಟಿನ ಗೆಳೆಯ ನಕ್ಕ. "ಗಿಫ್ಟ್ ಬಂದ್ರೆ ರೇಟಿನ ಸ್ಟಿಕ್ಕರ್ ಹುಡುಕೋರನ್ನ ನೋಡಿದೀನಿ. ಉಲ್ಟಾ ಮಾಡಿ ನೋಡೋರನ್ನ ಇವತ್ತೇ ನೋಡ್ತಿರೋದು."

ನಮ್ಮೂರು ನವಲಗುಂದದ ಕಡೆ. ಕರಿ ಮಣ್ಣು, ಹತ್ತಿ, ಕಡಲೆ. ಅಲ್ಲಿ ಕಸೂತಿ ಹಾಕಿದ ಬಟ್ಟೆಯನ್ನು ಕೈಗೆ ಕೊಟ್ಟರೆ, ಗೊತ್ತಿದ್ದ ಹೆಂಗಸರು ಮೊದಲು ಮಾಡುವ ಕೆಲಸ ಅದನ್ನು ತಿರುವಿ ಹಾಕುವುದು. ನಮ್ಮ ಆಯಿ ಹಾಗೇ ಮಾಡುತ್ತಿದ್ದಳು. ಮುಂಭಾಗ ನೋಡಿ ಏನೂ ಹೇಳುತ್ತಿರಲಿಲ್ಲ. ಹಿಂಭಾಗ ನೋಡಿ "ಹೂಂ" ಅಂದರೆ ಪಾಸು. ಏನೂ ಅನ್ನದೆ ಮಡಚಿಟ್ಟರೆ ಫೇಲು. ಕನ್ನಡದಲ್ಲಿ ಎಷ್ಟೋ ದೊಡ್ಡ ವಿಮರ್ಶಕರನ್ನು ಆಮೇಲೆ ಓದಿದೆ, ಆದರೆ ನಾನು ನೋಡಿದ ಮೊದಲ ವಿಮರ್ಶಕಿ ಅವಳೇ.

ಒಂದು ಮಾತು ಯೋಚನೆ ಮಾಡಿ ನೋಡಿ. ಸಿನಿಮಾ ನೋಡಿದ ರಾತ್ರಿಯೇ ನಾವು ರಿವ್ಯೂ ಬರೆಯುತ್ತೇವೆ. ಬಿರಿಯಾನಿಗೆ ಸ್ಟಾರ್ ಕೊಡುತ್ತೇವೆ. ಕ್ಯಾಬ್ ಡ್ರೈವರನಿಗೂ ಕೊಡುತ್ತೇವೆ. ಜೂನಿಯರ್ ಹುಡುಗ ಬರೆದ ಹತ್ತು ಸಾಲಿನ ಕೋಡಿಗೆ ಹದಿನೈದು ಕಾಮೆಂಟ್ ಹಾಕುತ್ತೇವೆ. ಆದರೆ ಯಾರಾದರೂ ಹಬ್ಬಕ್ಕೆ ಕೈಯಲ್ಲಿ ಹೊಲಿದ ಉಡುಗೊರೆ ಕೊಟ್ಟರೆ ನಮ್ಮ ಹತ್ತಿರ ಇರುವುದು ಎರಡೇ ಪದ: "ಸೋ ಕ್ಯೂಟ್". ಕೈಯಲ್ಲಿ ಮಾಡಿದ್ದು ಅಂದ ಕೂಡಲೇ ವಿಮರ್ಶೆ ಬಾಯಿ ಮುಚ್ಚಿಕೊಳ್ಳುತ್ತದೆ. ಇದು ಗೌರವ ಅಂದುಕೊಂಡಿದ್ದೇವೆ. ನನಗೆ ಹಾಗೆ ಅನಿಸುವುದಿಲ್ಲ. ಯಾವುದನ್ನು ನಾವು ತೂಗಿ ನೋಡುವುದಿಲ್ಲವೋ ಅದನ್ನು ನಾವು ಗಂಭೀರವಾಗಿ ತೆಗೆದುಕೊಂಡೇ ಇಲ್ಲ ಅಂತ ಅರ್ಥ.

ಅದಕ್ಕೇ ಈ ಸಲ ಮೂರು ಉಡುಗೊರೆಗಳ ವಿಮರ್ಶೆ ಬರೆಯುತ್ತಿದ್ದೇನೆ. ಒಂದು, ಆಫೀಸಿನ ಆ ಪೌಚು. ಎರಡು, ನಾನೇ ಹಾಕಿದ ಕಸೂತಿಯ ಕರವಸ್ತ್ರ. ಮೂರು, ನನ್ನ ಮಗಳಿಗೆ ಅವ್ವ ಹೊಲಿದುಕೊಟ್ಟ ಕೌದಿ.

*

ಮೊದಲು ಪೌಚು. ಅದನ್ನು ಬೈಯುವ ಮುಂಚೆ ಕಸೂತಿ ಅಂದರೆ ಏನು ಅಂತ ನೋಡಬೇಕು. ಇಲ್ಲದಿದ್ದರೆ ಬೈಗುಳಕ್ಕೆ ಆಧಾರ ಇರುವುದಿಲ್ಲ.

ಧಾರವಾಡ ಸೀಮೆಯ ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗಾವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ನೇಯ್ದ ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಮೂಡಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಕಡೆ ಚಿತ್ರ ಒಂದೇ ಥರ ಕಾಣಬೇಕು. ನೇಗಿ, ಮೆಂತಿಯಲ್ಲಿ ಹಿಂಬದಿ ಬೇರೆ ಆಗುತ್ತದೆ, ಅದು ತಪ್ಪಲ್ಲ. ಮೆಂತಿ ಅಂದರೆ ನಮ್ಮ ಕ್ರಾಸ್ ಸ್ಟಿಚ್ಚು, ಮೆಂತ್ಯದ ಕಾಳು ಚೆಲ್ಲಿದ ಹಾಗೆ ಕಾಣುತ್ತದೆ ಅಂತ ಆ ಹೆಸರು. ಗಾವಂತಿ ಅನ್ನುವ ಹೆಸರು ಗಂಟಿನಿಂದ ಬಂದದ್ದು ಅಂತ ಹೇಳುತ್ತಾರೆ. ಗಂಟೇ ಇಲ್ಲದ ಹೊಲಿಗೆಗೆ ಗಂಟಿನ ಹೆಸರು!

ಎರಡೂ ಕಡೆ ಒಂದೇ ಥರ ಹೇಗೆ ಬರುತ್ತದೆ? ಹೋಗುವಾಗ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಅಂತ ಬಿಟ್ಟು ಬಿಟ್ಟು ಹೊಲಿಯಬೇಕು. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗಗಳನ್ನು ತುಂಬಬೇಕು. ಪ್ರತಿ ಗೆರೆಯ ಮೇಲೂ ಸೂಜಿ ಎರಡೇ ಸಲ ಓಡಾಡಬೇಕು, ಮೂರನೇ ಸಲ ಹೋಗುವಂತಿಲ್ಲ. ದಾರಿಯಲ್ಲಿ ಕವಲು ಬಂದರೆ ಆ ಕವಲಿಗೆ ಹೋಗಿ, ಅದರ ತುದಿ ಮುಟ್ಟಿ, ವಾಪಸ್ ಬಂದು ಮುಖ್ಯ ದಾರಿ ಹಿಡಿಯಬೇಕು. ಓದುಗರಲ್ಲಿ ಅರ್ಧ ಜನ ನಮ್ಮ ಫೀಲ್ಡಿನವರೇ ಅಂತ ಗೊತ್ತು. ನಿಮಗೆ ಈಗಾಗಲೇ ಹೊಳೆದಿರುತ್ತದೆ. ಇದು ಡೆಪ್ತ್ ಫಸ್ಟ್ ಸರ್ಚ್. ಬಿಇ ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ನಾನು ಒದ್ದಾಡಿದ್ದನ್ನು ನಮ್ಮ ಆಯಿ ಶಾಲೆಯ ಮೆಟ್ಟಿಲು ಹತ್ತದೆ, ಪೇಪರಿನ ಮೇಲೆ ಒಂದು ಗೆರೆ ಎಳೆಯದೆ, ತಲೆಯಲ್ಲೇ ಮಾಡುತ್ತಿದ್ದಳು.

ಇದೇ ಹೊಲಿಗೆ ಯುರೋಪಿನಲ್ಲೂ ಇದೆ. ಅಲ್ಲಿ ಅದಕ್ಕೆ ಹೋಲ್ಬೈನ್ ಹೊಲಿಗೆ ಅಂತ ಹೆಸರು. 16ನೇ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಕಾಲರು, ತೋಳಿನ ತುದಿಗಳ ಮೇಲೆ ಈ ಕೆಲಸ ಎದ್ದು ಕಾಣುತ್ತದೆ. ಇಂಗ್ಲೆಂಡಿನ ರಾಣಿ ಜೇನ್ ಸೀಮೋರ್ ಚಿತ್ರದಲ್ಲಿ ಮುಂಗೈ ಮೇಲಿನ ನೆರಿಗೆ ನೋಡಿ. ನೆರಿಗೆಯ ಎರಡೂ ಮಗ್ಗುಲು ಕಾಣುವಂಥ ಜಾಗಕ್ಕೆ ಎರಡೂ ಮಗ್ಗುಲು ಚಂದ ಇರುವ ಹೊಲಿಗೆಯೇ ಬೇಕು. ನಮ್ಮಲ್ಲಿ ಸೀರೆಯ ಸೆರಗಿಗೂ ಅದೇ ಮಾತು. ಸೆರಗು ಗಾಳಿಗೆ ಹಾರಿದರೆ, ತಲೆಯ ಮೇಲೆ ಹೊದ್ದುಕೊಂಡರೆ, ಹಿಂಬದಿ ಅನ್ನುವುದೇ ಇರುವುದಿಲ್ಲ. ಕಸೂತಿಯ ಹಿಂಬದಿ ಚೊಕ್ಕಟ ಇರಬೇಕು ಅನ್ನುವುದು ಬರೀ ಮಡಿವಂತಿಕೆ ಅಲ್ಲ, ಉಡುವ ರೀತಿಯಿಂದ ಹುಟ್ಟಿದ ಅಗತ್ಯ.

ಈಗ ಪೌಚಿಗೆ ಬರೋಣ. ಮಷೀನಿನ ಕಸೂತಿ ಅಂತ ನನಗೆ ಸಿಟ್ಟಿಲ್ಲ. ಮಷೀನಿಗೆ ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯುವವನು ಮಷೀನನ್ನು ಬೈದರೆ ದೇವರು ಮೆಚ್ಚುವುದಿಲ್ಲ. ಮಷೀನಿನ ಗೋಪುರ ನೆಟ್ಟಗಿತ್ತು, ಬಣ್ಣ ಚೆನ್ನಾಗಿತ್ತು, ಚಾರ್ಜರ್ ಇಟ್ಟುಕೊಳ್ಳಲು ಈಗಲೂ ಬಳಸುತ್ತಿದ್ದೇನೆ. ನನ್ನ ತಕರಾರು ಕಾರ್ಡಿನ ಮೇಲೆ. ಆ ಕಾರ್ಡು ಇಲ್ಲದ ಹೆಂಗಸರ ಹೆಸರಿನಲ್ಲಿ ಇಲ್ಲದ ಪ್ರೀತಿಯನ್ನು ಮಾರುತ್ತಿತ್ತು. ಧಾರವಾಡದ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಟ್ಯಾಗ್ ಇದೆ. ಆದರೆ ಆ ಟ್ಯಾಗ್ ಹೆಸರನ್ನು ಕಾಯಬಲ್ಲದೇ ಹೊರತು ಕಾರ್ಡಿನ ಮೇಲಿನ ಕಣ್ಣೀರು ಬರಿಸುವ ನಾಲ್ಕು ಸಾಲನ್ನು ತಡೆಯುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. ಕೈಕೆಲಸವನ್ನು ಹೊಗಳುವಾಗ ನಾವು ಎಣಿಕೆಗೆ ಬೀಳುತ್ತೇವೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಗುಂಪಿನ ಸಭೆ ನಡೆದಾಗ ಸಂಡೂರಿನ ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. 450ಕ್ಕೂ ಹೆಚ್ಚು ಹೆಣ್ಣುಮಕ್ಕಳ ಕೆಲಸ ಅದು. ಸುದ್ದಿ ಓದಿ ನನಗೂ ಖುಷಿ ಆಯ್ತು, ಸ್ಟೇಟಸ್ ಹಾಕಿದೆ. ಆದರೆ ಆಮೇಲೆ ಯಾರ ಬಾಯಲ್ಲೂ ಆ 1755ರಲ್ಲಿ ಯಾವುದು ಬಹಳ ಒಳ್ಳೆಯದು, ಯಾವುದರಲ್ಲಿ ಕನ್ನಡಿ ಕೂರಿಸಿದ್ದು ಚೆಂದ, ಯಾವುದರಲ್ಲಿ ಬಣ್ಣ ತಪ್ಪಿದೆ ಅನ್ನುವ ಮಾತು ನಾನು ಕೇಳಲಿಲ್ಲ. ಎಣಿಸುವುದು ಸುಲಭ. ನೋಡುವುದಕ್ಕೆ ಕಣ್ಣು ಪಳಗಬೇಕು.

*

ಎರಡನೆಯದು, ನನ್ನ ಕರವಸ್ತ್ರ. ಇದರ ವಿಮರ್ಶೆಗೆ ದಯೆ ಬೇಕಾಗಿಲ್ಲ.

ಹಿಂದಿನ ವರ್ಷ ದೀಪಾವಳಿಗೆ ನಾಲ್ಕು ಜನಕ್ಕೆ ಕೈಯಾರೆ ಕಸೂತಿ ಹಾಕಿ ಕೊಡಬೇಕು ಅಂತ ತಲೆಗೆ ಬಂತು. ಅಕ್ಕನಿಗೊಂದು, ಹೆಂಡತಿಗೊಂದು, ಇಬ್ಬರು ಗೆಳೆಯರಿಗೆ ಎರಡು. ಎಳೆ ಎಣಿಸಲು ಸುಲಭ ಅಂತ ಅಕ್ಕ ಮ್ಯಾಟಿ ಬಟ್ಟೆ ತರಿಸಲು ಹೇಳಿದಳು. ಚಿಕ್ಕಪೇಟೆಗೆ ಹೋಗಿ ತಂದೆ. ಹುಬ್ಬಳ್ಳಿಯಿಂದ ಅಕ್ಕ ವಿಡಿಯೋ ಕಾಲಿನಲ್ಲಿ ಕಲಿಸಿದಳು. ಕ್ಯಾಮೆರಾ ಬಟ್ಟೆಯ ಮೇಲೆ ಹಿಡಿದರೆ ಸೂಜಿ ಹಿಡಿಯಲು ಕೈ ಇಲ್ಲ, ಸೂಜಿ ಹಿಡಿದರೆ ಫೋನ್ ಬೀಳುತ್ತದೆ. ಕೊನೆಗೆ ಕುಕ್ಕರಿಗೆ ಒರಗಿಸಿಟ್ಟೆ.

ಒಂದು ತೇರು ಮುಗಿಯಲು ಹನ್ನೊಂದು ಸಂಜೆ ಹಿಡಿಯಿತು. ದಿನಕ್ಕೆ ಎರಡು ಗಂಟೆ ಅಂದರೂ 22 ಗಂಟೆ. ಅದರಲ್ಲಿ ಬಿಚ್ಚಿದ್ದು ಎಷ್ಟು, ಹೊಲಿದದ್ದು ಎಷ್ಟು ಅಂತ ಕೇಳಬೇಡಿ. ಕಸೂತಿಯಲ್ಲಿ ಅಂಡೂ ಬಟನ್ ಇದೆ, ಆದರೆ ಅದು ಹೊಲಿದದ್ದಕ್ಕಿಂತ ನಿಧಾನ. ಒಂದು ಎಳೆ ತಪ್ಪಿದ್ದು ಗೊತ್ತಾಗುವುದು ವಾಪಸ್ ಬರುವಾಗ. ಹೋಗುವಾಗ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ವಾಪಸ್ ಬರುವ ದಾರಿ ಮಾತ್ರ ನಿಮ್ಮ ಸುಳ್ಳು ಹಿಡಿಯುತ್ತದೆ.

ನಾಲ್ಕರಲ್ಲಿ ಎರಡು ಮುಗಿದವು. ಒಂದನ್ನು ಗೆಳೆಯನಿಗೆ ಕೊಟ್ಟೆ. "ಮಚ್ಚಾ, ನೀನೇ ಮಾಡಿದ್ದಾ? ನಂಬಕ್ಕಾಗಲ್ಲ. ಇದನ್ನ ಫ್ರೇಮ್ ಹಾಕಿಸ್ತೀನಿ" ಅಂದ. ಹಾಕಿಸಲಿಲ್ಲ. ಮೂರು ತಿಂಗಳ ಮೇಲೆ ಅವನ ಮನೆಗೆ ಹೋದಾಗ ಅದು ವೈಫೈ ರೂಟರಿನ ಮೇಲೆ ಧೂಳು ಕೂರದ ಹಾಗೆ ಹೊದೆಸಿತ್ತು. ನಿಜ ಹೇಳಬೇಕೆಂದರೆ ನನಗೆ ಬೇಜಾರಾಗಲಿಲ್ಲ. ಅವನು ಅದನ್ನು ಬಳಸುತ್ತಿದ್ದಾನಲ್ಲ ಅಂತ ಸಮಾಧಾನ ಆಯ್ತು.

ಇನ್ನೊಂದನ್ನು ಅಕ್ಕನಿಗೆ ಕೊಟ್ಟೆ. ಅವಳು ಸುಮ್ಮನೆ ತಿರುವಿ ಹಾಕಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ಹೇಳಿದಳು: "ತೇರಿನ ಎಡಗಡೆ ಎರಡು ಎಳಿ ಹೆಚ್ಚಿಗಿ ತಗೊಂಡೀದಿ ನೋಡು. ಅದಕ್ಕ ಕಳಸ ವಾರಿ ಆಗೇತಿ. ಹಿಂದ ಎರಡು ಕಡೆ ದಾರ ಜಿಗಿಸೀದಿ. ಅಲ್ಲೆ ಕವಲಿಗೆ ಹೋಗಿ ಹೊಳ್ಳಿ ಬರಬೇಕಿತ್ತು, ನೀ ಸೀದಾ ಹಾರೀದಿ." ಒಂದು ನಿಮಿಷ ಬಿಟ್ಟು, "ಆದರ ಗಂಟು ಹಾಕಿಲ್ಲ. ಅದು ಚಲೋ ಮಾಡೀದಿ" ಅಂದಳು.

ಗೆಳೆಯನ ಹೊಗಳಿಕೆ ನನ್ನ ಬಗ್ಗೆ ಇತ್ತು. ಸಾಫ್ಟ್‌ವೇರ್ ಹುಡುಗ, ಗಂಡಸು, ಸೂಜಿ ಹಿಡಿದ ಅಂತ. ಅಕ್ಕನ ಮಾತು ತೇರಿನ ಬಗ್ಗೆ ಇತ್ತು. ಕೊಟ್ಟ ಉಡುಗೊರೆಯನ್ನು ನಿಜವಾಗಿ ತೆಗೆದುಕೊಂಡವಳು ಅವಳು. 22 ಗಂಟೆ ನಾನು ಎಲ್ಲೆಲ್ಲಿ ಒದ್ದಾಡಿದ್ದೆ ಅನ್ನುವುದನ್ನು ಎರಡೇ ನಿಮಿಷದಲ್ಲಿ ಬೆರಳಿಟ್ಟು ತೋರಿಸಿದಳು. ತಪ್ಪು ಹುಡುಕಿದರೂ ಒಬ್ಬರು ನಮ್ಮ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡಿದರೆ ಎಂಥಾ ಸಂತೋಷ ಆಗುತ್ತದೆ ಅಂತ ಅವತ್ತು ಗೊತ್ತಾಯ್ತು. ಕೋಡ್ ರಿವ್ಯೂನಲ್ಲಿ ಓದದೆ ಅಪ್ರೂವ್ ಒತ್ತುವ ಸೀನಿಯರಿಗಿಂತ ಕಾಟ ಕೊಡುವ ಸೀನಿಯರ್ ಯಾಕೆ ಒಳ್ಳೆಯವನು ಅಂತಲೂ ಗೊತ್ತಾಯ್ತು.

ಕರವಸ್ತ್ರದ ಬಗ್ಗೆ ಕೊನೆಯ ತೀರ್ಪು: ಕೆಲಸ ಕಚ್ಚಾ. ಕಲಿಯುವವನ ಹಾಳೆ. ಕೈಯಲ್ಲಿ ಮಾಡಿದ್ದು ಅನ್ನುವ ಒಂದೇ ಕಾರಣಕ್ಕೆ ಅದು ಮಷೀನಿನ ಪೌಚಿಗಿಂತ ಒಳ್ಳೆಯದಾಗುವುದಿಲ್ಲ. ಆದರೆ ಅದರ ಜೊತೆ ಸುಳ್ಳು ಕಾರ್ಡು ಇರಲಿಲ್ಲ, ಅಷ್ಟು ಅಂಕ ಕೊಡಬಹುದು.

*

ಮೂರನೆಯದು ಕೌದಿ. ಇಲ್ಲಿ ನನ್ನ ವಿಮರ್ಶೆಯ ಪಾಂಡಿತ್ಯ ಕೈಕೊಟ್ಟಿತು.

ಮಗಳು ಹುಟ್ಟಿದಾಗ ಅವ್ವ ಊರಿಂದ ಕೌದಿ ತಂದಳು. ನಮ್ಮ ಕಡೆ ತೊಟ್ಟಿಲಿಗೆ ತವರಿನವರು ಕುಂಚಿ, ಕುಲಾವಿ ತರುತ್ತಾರೆ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿ, ಅದರ ಮೇಲೆ ಕೈ ಬಂದವರು ಕಸೂತಿಯನ್ನೂ ಹಾಕುತ್ತಾರೆ. ಅದು ತವರಿನ ಬಾಬ್ತು. ಗಂಡಿನ ಕಡೆಯ ಅಜ್ಜಿ ಏನು ತರಬೇಕು ಅನ್ನುವ ಕಟ್ಟಳೆ ಇಲ್ಲ. ಅವ್ವ ಕೌದಿ ತಂದಳು. ಅದರಲ್ಲಿ ಆಯಿಯ ಇಳಕಲ್ ಸೀರೆಯ ತುಂಡಿತ್ತು, ಅಪ್ಪನ ಧೋತರ ಇತ್ತು, ನನ್ನ ಹೈಸ್ಕೂಲಿನ ಆಕಾಶನೀಲಿ ಯೂನಿಫಾರ್ಮ್ ಅಂಗಿಯ ಬೆನ್ನು ಇತ್ತು. ನಡುವೆ ಅಂಗೈಯಗಲ ಕೆಂಪು ಖಣದ ಚೌಕ. ಹಳೇ ಬಟ್ಟೆ ಮೆತ್ತಗಿರುತ್ತದೆ, ಕೂಸಿನ ಮೈಗೆ ಚುಚ್ಚುವುದಿಲ್ಲ ಅನ್ನುವುದು ಲೆಕ್ಕ.

ನಾನು ಇದರ ಫೋಟೋ ಹಾಕಿ ಮೂರು ತಲೆಮಾರಿನ ಪ್ರೀತಿ ಅಂತೆಲ್ಲ ಬರೆದೆ. ತುಂಬಾ ಜನ ಹೃದಯ ಒತ್ತಿದರು. ಆಮೇಲೆ ಒಂದು ದಿನ ಮಗಳು ಅದರ ಮೇಲೆ ಹಾಲು ಕಕ್ಕಿದಳು ಅಂತ ಕೌದಿಯನ್ನು ವಾಷಿಂಗ್ ಮಷೀನಿಗೆ ಹಾಕಿದೆ. ಹೊರಗೆ ತೆಗೆದಾಗ ಆಯಿಯ ಸೀರೆ ಇದ್ದ ಜಾಗದಲ್ಲಿ ಗೇಣುದ್ದ ಹರಿದಿತ್ತು.

ಎರಡು ದಿನ ಹೇಳಲಿಲ್ಲ. ಮೂರನೇ ದಿನ ಫೋನ್ ಮಾಡಿದೆ. 

"ಮಷೀನಿನ್ಯಾಗ ಹಾಕಿದೇನು? ಅದು ಕೌದಿ ಐತೋ ಯಪ್ಪಾ, ನಿನ್ನ ಜೀನ್ಸ್ ಪ್ಯಾಂಟಲ್ಲ" ಅಂತ ನಕ್ಕಳು. ನಾನು ಕ್ಷಮೆ ಕೇಳುವ ಧಾಟಿಯಲ್ಲಿ, ಇದು ಆಯಿಯ ನೆನಪು, ನೀನು ಪ್ರೀತಿಯಿಂದ ಹೊಲಿದದ್ದು, ನಾನು ಹಾಳು ಮಾಡಿದೆ ಬೇ ಅಂತೆಲ್ಲ ಶುರು ಮಾಡಿದೆ. ಅವ್ವ ನಡುವೆಯೇ ತಡೆದಳು.

"ಪ್ರೀತಿಗೆ ಯಾರು ಕೌದಿ ಹೊಲೀತಾರೋ ತಮ್ಮಾ? ಥಂಡಿಗೆ ಹೊಲಿಯೂದು. ನಿಮ್ಮ ಆಯಿ ಹೊಲೀತಿದ್ಲು ಅಂದ್ರ ಮನ್ಯಾಗ ಹೊದಿಲಿಕ್ಕೆ ಕಂಬಳಿ ಕೊಳ್ಳಾಕ ರೊಕ್ಕಾ ಇರ್ಲಿಲ್ಲ. ಹರಕ ಸೀರಿ ಚೆಲ್ಲಾಕ ಮನಸು ಇರ್ಲಿಲ್ಲ. ಅದಕ್ಕ ಹೊಲದ್ಲು. ಹರಿದ್ರ ಇನ್ನೊಂದ್ ತ್ಯಾಪಿ ಹಚ್ಚಿದ್ರಾತು. ಅದಕ್ಯಾಕ ಇಷ್ಟು ಮಾರಿ ಸಣ್ಣ ಮಾಡ್ಕೊಂಡು ಮಾತಾಡ್ತಿ?"

ಈ ಮಾತು ನನಗೆ ಸರಿಯಾಗಿ ತಾಗಿತು. ಕಾರ್ಡಿನಲ್ಲಿ ಇಲ್ಲದ ಪ್ರೀತಿ ಮಾರಿದರು ಅಂತ ಬೈದವನು ನಾನು. ನಾನೂ ಫೋಟೋ ಕೆಳಗೆ ಅದೇ ಥರದ ಕಾರ್ಡು ಬರೆದಿದ್ದೆ. ಅವರು ದುಡ್ಡಿಗೆ ಬರೆದರು, ನಾನು ಲೈಕಿಗೆ.

ಆದರೆ ಅವ್ವನ ಮಾತನ್ನೂ ಹಾಗೇ ಒಪ್ಪಿಕೊಳ್ಳಬೇಕಾಗಿಲ್ಲ. ಲೇಖಕರು ತಮ್ಮ ಕೃತಿಯ ಬಗ್ಗೆ ಹೇಳುವುದೇ ಕೊನೆಯ ಮಾತಲ್ಲ ಅಂತ ವಿಮರ್ಶೆಯವರು ಹೇಳುತ್ತಾರಲ್ಲ. ಥಂಡಿಗೆ ಹೊಲಿದದ್ದು ಸರಿ. ಹಾಗಾದರೆ ನಡುವೆ ಆ ಕೆಂಪು ಖಣದ ಚೌಕ ಯಾಕೆ? ಅದು ಬೆಚ್ಚಗೆ ಮಾಡುವುದಿಲ್ಲ. ಖಣ ದುಬಾರಿ ಬಟ್ಟೆ, ಕುಪ್ಪಸಕ್ಕೆ ಆಗುವಂಥದ್ದು. ಕೇಳಿದೆ. "ಚಂದ ಕಾಣ್ಲಿ ಅಂತ ಹಚ್ಚೀನಿ. ಬರೇ ಹರಕ ಇದ್ರ ಹೆಂಗ ಕೊಡೂದು?" ಅಂದಳು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲೂ ಇಂಥದ್ದೇ ಒಂದು ಸಂಗತಿ ಇದೆ. ಅವರು ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮಡಚಿ ಹೂವಿನ ಹಾಗೆ ಕೂರಿಸುತ್ತಾರೆ. ಅದಕ್ಕೆ ಫುಲಾ ಅಂತ ಹೆಸರು. ಫುಲಾ ಇಲ್ಲದಿದ್ದರೆ ಕವಂದಿ ಬೆತ್ತಲೆ ಇದ್ದ ಹಾಗೆ ಅನ್ನುವ ಭಾವನೆ ಅವರದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಇವುಗಳನ್ನು ಕಲೆಯೆಂದು ಅಧ್ಯಯನ ಮಾಡಿ ಬರೆದರು. 2004ರಲ್ಲಿ ಸಿದ್ದಿ ಹೆಂಗಸರ ಒಂದು ಕವಂದಿ ಸಹಕಾರ ಸಂಘ ಶುರುವಾಗುವುದಕ್ಕೂ ಕೈಜೋಡಿಸಿದರು. ಮೂಲೆಯ ಆ ಫುಲಾದಿಂದ ಚಳಿ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಆದರೂ ಅದಿಲ್ಲದೆ ಹೊದಿಕೆ ಪೂರ್ತಿ ಆಗುವುದಿಲ್ಲ.

ನನಗೆ ಅನಿಸುವುದು ಇಷ್ಟು. ಕೈಕೆಲಸದಲ್ಲಿ ಉಡುಗೊರೆ ಅನ್ನುವ ಭಾಗ ಎಲ್ಲಿದೆ ಅಂತ ಹುಡುಕಿದರೆ ಅದು ಇಡೀ ವಸ್ತುವಿನಲ್ಲಿ ಇರುವುದಿಲ್ಲ. ಬಹುಪಾಲು ಅಗತ್ಯ, ಬಡತನ, ಅಭ್ಯಾಸ, ಹೊತ್ತು ಕಳೆಯುವ ದಾರಿ. ಎಲ್ಲೋ ಒಂದು ಕಡೆ, ಬೇಕಾಗಿಲ್ಲದ ಒಂದು ಕೆಂಪು ಚೌಕ ಇರುತ್ತದೆ. ಅಷ್ಟು ಮಾತ್ರ ಉಡುಗೊರೆ. ಕಣ್ಣಿಟ್ಟು ನೋಡಿದರೆ ಅದು ಸಿಗುತ್ತದೆ. ಎಲ್ಲವೂ ಪ್ರೀತಿ ಅಂದುಬಿಟ್ಟರೆ ಆ ಚೌಕ ಕಾಣುವುದೇ ಇಲ್ಲ.

*

ಇನ್ನು ದುಡ್ಡಿನ ಮಾತು. ಇದನ್ನು ಬಿಟ್ಟರೆ ವಿಮರ್ಶೆ ಅರ್ಧ ಆಗುತ್ತದೆ.

ನಾಮಕರಣಕ್ಕೆ ಬಂದಿದ್ದ ಸಹೋದ್ಯೋಗಿ ಒಬ್ಬರು ಕೌದಿ ನೋಡಿ ಬಹಳ ಮೆಚ್ಚಿಕೊಂಡರು. "ನಿಮ್ಮಮ್ಮಂಗೆ ಹೇಳಿ ನಂಗೂ ಒಂದು ಮಾಡಿಸಿಕೊಡಿ. ದೀಪಾವಳಿಗೆ ನಮ್ಮತ್ತೆಗೆ ಕೊಡ್ತೀನಿ. ಎಷ್ಟಾಗತ್ತೆ ಹೇಳಿ" ಅಂದರು. ನನಗೆ ಮುಜುಗರ ಆಯ್ತು. "ಅಯ್ಯೋ, ದುಡ್ಡೆಲ್ಲ ಯಾಕೆ ಬಿಡಿ, ನಮ್ಮಮ್ಮ ಖುಷಿಯಿಂದ ಮಾಡ್ತಾರೆ" ಅಂದೆ. ಅವ್ವನನ್ನು ಕೇಳದೆ.

ಅವ್ವನಿಗೆ ಹೇಳಿದಾಗ ಅವಳು ಕೇಳಿದ ಪ್ರಶ್ನೆ: "ಪುಕ್ಕಟಿ ಯಾಕ? ಅಕಿ ನನಗೇನಾಗಬೇಕು?"

ನಾನು ತಬ್ಬಿಬ್ಬಾದೆ. ನಿನಗೆ ಇಷ್ಟ ಅಲ್ವಾ ಅಂದೆ.

"ಇಷ್ಟ ಇದ್ರ? ನಿನಗ ಕಂಪ್ಯೂಟರ್ ಇಷ್ಟ ಅಂತ ಪಗಾರ ಬಿಟ್ಟೀಯೇನು? ದಿನಾ ಮಧ್ಯಾಹ್ನ ಉಂಡಮ್ಯಾಲ ಎರಡು ತಾಸು ಕುಂತು ಹೊಲದ್ರ ಒಂದು ತಿಂಗಳಾ ಹಿಡಿತೈತಿ. ಕುತಗಿ ನೋಯ್ತಾವ. ಸೂಜ್ಯಾಗ ದಾರ ಪೋಣಸಾಕ ಓಣಿ ಹುಡುಗರನ್ನ ಕರೀಬೇಕು. ಕೂಸಿಗೆ ಅಂದ್ರ ಬ್ಯಾರೆ. ರೊಕ್ಕಾ ಕೊಟ್ರ ಹೊಲೀತೇನಿ."

ದಿನಕ್ಕೆ ಎರಡು ಗಂಟೆ, ಮೂವತ್ತು ದಿನ. 60 ಗಂಟೆ. ಗಂಟೆಗೆ ನೂರು ರೂಪಾಯಿ ಇಟ್ಟರೂ 6,000. ಸಹೋದ್ಯೋಗಿಗೆ ಹಿಂಜರಿಯುತ್ತಲೇ ಈ ಲೆಕ್ಕ ಹೇಳಿದೆ. ಅವರು ಒಳ್ಳೆಯವರು, ತಪ್ಪು ತಿಳಿಯಲಿಲ್ಲ. ಆದರೆ ಆನ್‌ಲೈನಿನಲ್ಲಿ ಕೈಯಲ್ಲಿ ಹೊಲಿದದ್ದೇ 1,800ಕ್ಕೆ ಸಿಗುತ್ತಿದೆ ಅಂತ ಲಿಂಕ್ ಕಳಿಸಿದರು. ಫೋಟೋದಲ್ಲಿ ಚೆನ್ನಾಗಿಯೇ ಇತ್ತು. ಅಷ್ಟೇ ಹೊತ್ತು ಹಿಡಿಯುವ ಕೆಲಸ ಆಗಿದ್ದರೆ ಗಂಟೆಗೆ 30 ರೂಪಾಯಿ ಬೀಳುತ್ತದೆ. ಅದರಲ್ಲೂ ಬಟ್ಟೆ, ದಾರ, ಕೊರಿಯರ್, ಮಾರುವವರ ಪಾಲು ಕಳೆಯಬೇಕು. ಹೊಲಿದವಳಿಗೆ ಉಳಿಯುವುದೆಷ್ಟು ಅಂತ ನೀವೇ ಲೆಕ್ಕ ಹಾಕಿ.

ಅವ್ವನಿಗೆ ಹೇಳಿದೆ. "ಹಂಗಾರ ಬ್ಯಾಡ" ಅಂತ ಫೋನಿಟ್ಟು ಸೀರಿಯಲ್ ನೋಡಲು ಹೋದಳು. ಅವಳಿಗೆ ಬೇಜಾರಾಗಲಿಲ್ಲ. ಬೇಜಾರಾದದ್ದು ನನಗೆ. ನನ್ನ ಗಂಟೆಯ ದರವನ್ನು ಕಂಪನಿ ಬದಲಿಸುವಾಗ ಎಷ್ಟು ಗಟ್ಟಿಯಾಗಿ ಕೂತು ಮಾತಾಡಿದ್ದೆ ಅಂತ ನೆನಪಾಯ್ತು. ಅವ್ವನ ಗಂಟೆಯನ್ನು ಮಾತ್ರ "ಖುಷಿಯಿಂದ ಮಾಡ್ತಾರೆ" ಅಂತ ಒಂದೇ ವಾಕ್ಯದಲ್ಲಿ ಸೊನ್ನೆಗೆ ಇಳಿಸಿದ್ದೆ. ಪ್ರೀತಿ ಅನ್ನುವ ಪದ ಎಷ್ಟು ಅನುಕೂಲದ್ದು ನೋಡಿ. ಅದನ್ನು ಹಚ್ಚಿದರೆ ಕೂಲಿ ಕೇಳುವಂತಿಲ್ಲ.

ಹಾಗಂತ ಕೈಯಲ್ಲಿ ಹೊಲಿದು ಹಬ್ಬಕ್ಕೆ ಕೊಡುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಈ ಸಲವೂ ಹಾಕುತ್ತಿದ್ದೇನೆ, ಆ ಉಳಿದ ಎರಡು ಕರವಸ್ತ್ರ. ಹೆಂಡತಿಯದು ಇನ್ನೂ ಆಗಿಲ್ಲ, ಮನೆಯಲ್ಲಿ ಅದರ ಬಗ್ಗೆ ಮಾತು ಕೇಳುತ್ತಿದ್ದೇನೆ. ನಾನು ಕೇಳುವುದು ಇಷ್ಟೇ. ನೀವೇ ಹೊಲಿದು ಕೊಡುವುದಾದರೆ ಹಿಂಬದಿ ನೋಡುವವರಿಗೆ ಕೊಡಿ, ಅಥವಾ ಬಳಸುವವರಿಗೆ ಕೊಡಿ. ಫ್ರೇಮ್ ಹಾಕಿಸುತ್ತೇನೆ ಅನ್ನುವವರಿಗೆ ಬಾದಾಮಿ ಡಬ್ಬಿ ಸಾಕು. ಬೇರೆಯವರ ಕೈಕೆಲಸ ಕೊಳ್ಳುವುದಾದರೆ ತಿರುವಿ ನೋಡಿ, ಎಷ್ಟು ಗಂಟೆಯ ಕೆಲಸ ಅಂತ ಕೇಳಿ, ಬೆಲೆಯನ್ನು ಆ ಗಂಟೆಗಳಿಂದ ಭಾಗಿಸಿ. ಬರುವ ಸಂಖ್ಯೆ ನಿಮಗೆ ನಾಚಿಕೆ ತರಿಸಿದರೆ, ಆ ಉಡುಗೊರೆಯಲ್ಲಿ ಅರ್ಧ ಕೊಟ್ಟವಳು ನೀವಲ್ಲ, ಹೊಲಿದವಳು. ಕಾರ್ಡಿನಲ್ಲಿ ಅವಳ ಹೆಸರಾದರೂ ಇದೆಯಾ ನೋಡಿ. ಮನೆಯವರೇ ಹೊಲಿದು ಕೊಟ್ಟರೆ "ಸೋ ಕ್ಯೂಟ್" ಅನ್ನಬೇಡಿ. ಕೆಂಪು ಚೌಕ ಎಲ್ಲಿದೆ ಹುಡುಕಿ, ಅದರ ಬಗ್ಗೆ ಕೇಳಿ.

ಕೌದಿಯ ಕಥೆ ಮುಗಿಸುತ್ತೇನೆ. ದಸರೆಗೆ ಊರಿಗೆ ಹೋದಾಗ ಅದನ್ನು ತೆಗೆದುಕೊಂಡು ಹೋಗಿದ್ದೆ. ತ್ಯಾಪಿ ಹಚ್ಚಲು ನಿನ್ನ ಹಳೇ ಅಂಗಿ ಕೊಡು ಅಂದಳು ಅವ್ವ. ಬ್ಯಾಗಿನಲ್ಲಿ ಇದ್ದದ್ದೆಲ್ಲ ಕಂಪನಿಗಳು ಕೊಟ್ಟ ಟೀ ಶರ್ಟು. ಒಂದೊಂದನ್ನೇ ಎಳೆದು ನೋಡಿದಳು. "ಇವು ಜಗ್ಗತಾವ. ಕೌದಿಗೆ ಆಗೂದಿಲ್ಲ. ನೇಯ್ದ ಅರಿವಿ ಬೇಕು" ಅಂತ ಪಕ್ಕಕ್ಕಿಟ್ಟಳು. ಹದಿಮೂರು ವರ್ಷದ ಕೆಲಸ, ಮೂರು ಕಂಪನಿ, ಹತ್ತಾರು ಟೀ ಶರ್ಟು. ಒಂದು ತ್ಯಾಪಿಗೂ ಆಗಲಿಲ್ಲ. ಕೊನೆಗೆ ಹೆಂಡತಿ ತನ್ನ ಹಳದಿ ಕಾಟನ್ ದುಪಟ್ಟಾದ ತುದಿ ಹರಿದು ಕೊಟ್ಟಳು.

ಅವ್ವ ಮಧ್ಯಾಹ್ನ ಉಂಡು, ಪಡಸಾಲೆಯ ಬೆಳಕಿಗೆ ಕೂತು ಹೊಲಿದಳು. ಸೂಜಿಗೆ ದಾರ ನಾನು ಪೋಣಿಸಿಕೊಟ್ಟೆ. ಮುಗಿದ ಮೇಲೆ ನನ್ನ ಕೈಗೆ ಕೊಟ್ಟಳು. ನಾನು ತಿರುವಿ ಹಾಕಿ ನೋಡಿದೆ.

"ಏನ್ ನೋಡ್ತಿ?" ಅಂದಳು.

"ಹೂಂ" ಅಂದೆ.